ಬಾಯ್ಲರ್ ಉರೀತಾನೇ ಇದೆ, ಮನೆ ಮಾತ್ರ ಬೆಚ್ಚಗಾಗ್ತಿಲ್ಲ: ಯುಕೆ ಕನ್ನಡಿಗರು ಯಾರಾದ್ರೂ ದಾರಿ ತೋರ್ಸಿ

ಸಾಗರದವ (ರೆಡಿಂಗ್)

ಎಲ್ಲರಿಗೂ ನಮಸ್ಕಾರ. ಬೇಸಿಗೇಲಿ ಇಲ್ಲಿ ರೆಡಿಂಗ್‌ನಲ್ಲಿ ಮನೆ ತಗೊಂಡ್ವಿ, ಮೂರು ಬೆಡ್‌ರೂಮಿನ ಸೆಮಿ (ಒಂದು ಗೋಡೆ ಪಕ್ಕದ ಮನೆಗೆ ಅಂಟಿರೋ ಮನೆ), 80ರ ದಶಕದಲ್ಲಿ ಕಟ್ಟಿದ್ದು, ಈ ಮನೇಲಿ ನಮಗಿದು ಮೊದಲನೇ ಚಳಿಗಾಲ. ಕಿಚನ್‌ನಲ್ಲಿ 30 ಕಿಲೋವ್ಯಾಟ್ ಗ್ಯಾಸ್ ಕಾಂಬಿ ಬಾಯ್ಲರ್ ಇದೆ, ಹನ್ನೆರಡು ವರ್ಷ ಹಳೇದು. ನಲ್ಲಿಗೆ ಬಿಸಿನೀರು ಕೊಡೋದೂ ಅದೇ, ಗೋಡೆಗೆ ಹಾಕಿರೋ ಲೋಹದ ರೇಡಿಯೇಟರ್‌ಗಳಿಗೆ ಬಿಸಿನೀರು ಕಳ್ಸಿ ರೂಮು ಬೆಚ್ಚಗೆ ಮಾಡೋದೂ ಅದೇ. ತೊಂದರೆ ಏನಂದ್ರೆ ಬಾಯ್ಲರ್ ಆನ್ ಆಗುತ್ತೆ, ಉರಿ ಹತ್ತುತ್ತೆ, ಎರರ್ ಕೋಡ್ ಏನೂ ತೋರ್ಸಲ್ಲ, ಆದ್ರೆ ರೂಮುಗಳು ಬೆಚ್ಚಗಾಗಲ್ಲ. ಲಿವಿಂಗ್ ರೂಮಲ್ಲಿ ಪರವಾಗಿಲ್ಲ, ಬಾಗಿಲ ಹತ್ರ ಇರೋ ಹಾಲ್‌ವೇ ರೇಡಿಯೇಟರ್ ಉಗುರುಬೆಚ್ಚಗೆ, ಮೇಲೆ ಮುಂದಿನ ಬೆಡ್‌ರೂಮಿಂದು ಮೇಲ್ಭಾಗ ತಣ್ಣಗೆ ಕೆಳಗೆ ಬಿಸಿ, ಹಿಂದಿನ ಬೆಡ್‌ರೂಮಿಂದು ಪೂರ್ತಿ ತಣ್ಣಗೆ. ಆ ಹಿಂದಿನ ರೂಮಲ್ಲೇ ಅಪ್ಪ ಅಮ್ಮ ಮಲಗೋದು, ಊರಿಂದ ಬಂದಿದಾರೆ, ಅಮ್ಮಂಗೆ ಮಂಡಿನೋವು ಬೇರೆ, ಬೆಳಿಗ್ಗೆ ಎದ್ದು ನೋಡಿದ್ರೆ ಅಲ್ಲಿ ಥರ್ಮಾಮೀಟರ್ 15 ಡಿಗ್ರಿ ತೋರ್ಸುತ್ತೆ.

ಒಂದು ಕಂಪನಿಯವ್ರು ಬಂದು ನೋಡಿದ್ರು. ಒಂದು ರೇಡಿಯೇಟರ್ ಕೂಡ ಮುಟ್ಟಲಿಲ್ಲ, ಬಾಯ್ಲರ್ ಎದುರಿಗೆ ನಿಂತು ‘ವಯಸ್ಸಾಗಿದೆ ಇದಕ್ಕೆ, ಹೊಸದು ಹಾಕ್ಸಿ’ ಅಂದು ದೊಡ್ಡ ಕೊಟೇಶನ್ ಕಳ್ಸಿದ್ರು. ನಿಜವಾಗ್ಲೂ ಬಾಯ್ಲರ್ರೇ ಹೋಗಿದ್ರೆ ಹಾಕ್ಸೋಣ, ದುಡ್ಡು ಹೇಗೋ ಹೊಂದಿಸ್ತೀನಿ. ಆದ್ರೆ ಹೋಗಿದೆ ಅಂತ ಹೆಂಗೆ ಗೊತ್ತಾಗ್ಬೇಕು?

ತುಮಕೂರು ಟು ಸ್ಲೌ

ಮೊದಲು ಪ್ರೆಶರ್ ಗೇಜ್ ನೋಡಿ ಬ್ರದರ್. ಮೇಲ್ಭಾಗ ತಣ್ಣಗೆ ಕೆಳಗೆ ಬಿಸಿ ಅಂದ್ರೆ ಅದು ಗಾಳಿ, ರೇಡಿಯೇಟರ್ ಒಳಗೆ ಗಾಳಿ ಸೇರಿ ಮೇಲೆ ಕೂತಿರುತ್ತೆ, ನೀರು ಅಲ್ಲಿಗೆ ಹತ್ತಲ್ಲ. ಬ್ಲೀಡ್ ಮಾಡಿದ್ರೆ, ಅಂದ್ರೆ ಆ ಗಾಳಿ ಹೊರಗೆ ಬಿಟ್ರೆ, ಸರಿಯಾಗುತ್ತೆ. ಹಿಂದಿನ ರೂಮಿಂದೂ ಅದೇ ಇರ್ಬೋದು.

ಹುಬ್ಬಳ್ಳಿ ಹುಡುಗಿ (ಮಿಲ್ಟನ್ ಕೀನ್ಸ್)

ಬಾಯ್ಲರ್ ರಿಪೇರಿ ಆಗೂ ತನಕ ಹಿರಿಯರನ್ನ ಆ ರೂಮಿನ್ಯಾಗ ಮಲಗಿಸಬ್ಯಾಡ್ರಿ. ವಯಸ್ಸಾದವ್ರು ಇರೂ ಮನಿ ಒಳಗ ಕಮ್ಮಿ ಅಂದ್ರೂ 18 ಡಿಗ್ರಿ ಇರ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ತದ, ಇಲ್ಲಿ ಯುಕೆ ಆರೋಗ್ಯ ಇಲಾಖೆದವ್ರೂ ಅದನ್ನ ಹೇಳ್ತಾರ. ನಮ್ಮವ್ರು ಏನ್ ಮಾಡ್ತಾರ, ‘ಏನ್ ಆಗೂದಿಲ್ಲ ಬಿಡಪಾ, ಎರಡು ಸ್ವೆಟರ್ ಹಾಕ್ಕೋತೀವಿ’ ಅಂದು ಸುಮ್ನ ಕುಂದರ್ತಾರ, ಮಕ್ಕಳಿಗೆ ಖರ್ಚು ಅಂತ ಬಾಯಿ ಬಿಡೂದಿಲ್ಲ. ಒಂದು ಆಯಿಲ್ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ತಂದು ಇಡ್ರಿ, ಅದನ್ನ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಚ್ಚಬ್ಯಾಡ್ರಿ, ಸೀದಾ ಗ್ವಾಡಿ ಸಾಕೆಟ್ಟಿಗೆ ಹಚ್ರಿ. ಮತ್ತ ಕಿಚನ್ ಒಳಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಐತೇನು? ಇಲ್ಲಂದ್ರ ಇವತ್ತ ತಗೊಂಡ್ಬರ್ರಿ, ಬಾಯ್ಲರ್ ಮಾತು ಆಮ್ಯಾಗ.

ಉಡುಪಿ ಪ್ಲಂಬರ್ (ಬರ್ಮಿಂಗ್‌ಹ್ಯಾಮ್)

ನಾನು ಇಲ್ಲಿ ಗ್ಯಾಸ್ ಸೇಫ್ ರಿಜಿಸ್ಟರ್ಡ್, ಅಂದ್ರೆ ಗ್ಯಾಸ್ ಕೆಲಸಕ್ಕೆ ಅಧಿಕೃತ ನೋಂದಣಿ ಇರುವವ, ಇದೇ ಕೆಲಸ ಮಾಡುವವ. ಮೊದಲಿಗೆ ಒಂದು ಮಾತು: ಬಾಯ್ಲರಿನ ಮುಂದಿನ ಕವರ್ ನೀವು ಬಿಚ್ಚುವ ಹಾಗಿಲ್ಲ, ಗ್ಯಾಸಿಗೆ ಸಂಬಂಧಪಟ್ಟದ್ದು ಎಂತದನ್ನೂ ಮುಟ್ಟುವ ಹಾಗಿಲ್ಲ. ಗ್ಯಾಸ್ ವಾಸನೆ ಬಂದ್ರೆ ಕಿಟಕಿ ತೆಗೆದು ಮನೆಯಿಂದ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ, ಫ್ರೀ ನಂಬರ್ ಅದು, ಇಡೀ ದಿನ ಇರ್ತದೆ. ಇಷ್ಟು ಬಿಟ್ಟು ಉಳಿದದ್ದು, ಅಂದ್ರೆ ಪ್ರೆಶರ್ ನೋಡುವುದು, ರೇಡಿಯೇಟರ್ ಬ್ಲೀಡ್ ಮಾಡುವುದು, ವಾಲ್ವ್ ತಿರುಗಿಸುವುದು, ಇದೆಲ್ಲ ಮನೆಯವರೇ ಮಾಡ್ಬಹುದು.

ಬಾಯ್ಲರ್ ಹೋಗಿದಾ ಇಲ್ವಾ ಅಂತ ಹೇಳ್ಬೇಕಾದ್ರೆ ಬಿಸಿ ಎಲ್ಲಿ ನಿಂತು ಹೋಗ್ತದೆ ಅಂತ ಮೊದಲು ಗೊತ್ತಾಗ್ಬೇಕು. ಉರಿಯಿಂದ ನೀರಿಗೆ, ನೀರಿನಿಂದ ಪೈಪಿಗೆ, ಪೈಪಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ರೂಮಿಗೆ. ಈ ದಾರಿಯಲ್ಲಿ ಎಲ್ಲಿ ತಡೆ ಉಂಟು ಅಂತ ನೋಡದೆ ಬಾಯ್ಲರ್ ಬದಲಿಸಿ ಅಂತ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಇಷ್ಟು ಹೇಳಿ: ನಲ್ಲಿಯಲ್ಲಿ ಬಿಸಿನೀರು ಸರಿಯಾಗಿ ಬರ್ತದಾ? ಸಿಸ್ಟಂ ತಣ್ಣಗಿರುವಾಗ ಗೇಜ್ ಎಷ್ಟು ತೋರಿಸ್ತದೆ? ಹೀಟಿಂಗ್ ಟೆಂಪರೇಚರ್ ಎಷ್ಟಕ್ಕೆ ಸೆಟ್ ಆಗಿದೆ, ರೂಮ್ ಥರ್ಮೋಸ್ಟಾಟ್ ಅಲ್ಲ, ಬಾಯ್ಲರಿನ ಮೇಲೆಯೇ ರೇಡಿಯೇಟರ್ ಚಿಹ್ನೆಯ ಪಕ್ಕ ಇರುವುದು. ಆಮೇಲೆ ಯಾವ ಯಾವ ರೇಡಿಯೇಟರ್ ಎಲ್ಲೆಲ್ಲಿ ತಣ್ಣಗೆ, ಮೇಲಾ, ಕೆಳಗಾ, ಮಧ್ಯದಲ್ಲಾ, ಕೈಯಲ್ಲಿ ಮುಟ್ಟಿ ಬರ್ಕೊಳ್ಳಿ.

ನಲ್ಲಿ ಪ್ರಶ್ನೆ ಯಾಕೆ ಅಂದ್ರೆ ಕಾಂಬಿಯಲ್ಲಿ ಉರಿ ಒಂದೇ, ಕೆಲಸ ಎರಡು. ನಲ್ಲಿ ತೆಗೆದ ಕೂಡ್ಲೇ ಒಳಗಿನ ಡೈವರ್ಟರ್ ವಾಲ್ವ್ ಬಿಸಿಯನ್ನು ರೇಡಿಯೇಟರ್ ಕಡೆಯಿಂದ ತಿರುಗಿಸಿ ನಲ್ಲಿ ನೀರಿನ ಕಡೆಗೆ ಕೊಡ್ತದೆ. ನಲ್ಲಿ ನೀರು ಚೆನ್ನಾಗಿ ಬಿಸಿಯಾಗ್ತದೆ ಅಂದ್ರೆ ಗ್ಯಾಸ್, ಬರ್ನರ್, ಫ್ಯಾನ್ ಎಲ್ಲ ಸರಿ ಉಂಟು ಅಂತ ಹೆಚ್ಚು ಕಡಿಮೆ ಹೇಳ್ಬಹುದು. ಆಗ ಡೈವರ್ಟರ್, ಪಂಪು, ಪೈಪು, ರೇಡಿಯೇಟರ್ ಇಷ್ಟರಲ್ಲೇ ಹುಡುಕ್ಬೇಕು.

ಸಾಗರದವ

ಅಲಾರಂ ಇದೆ, ಟೆಸ್ಟ್ ಬಟನ್ ಒತ್ತಿ ನೋಡ್ದೆ, ಕೂಗ್ತು. ಆಯಿಲ್ ಹೀಟರ್ ತಂದು ಇಟ್ಟಾಯ್ತು, ಅಮ್ಮ ಈಗ ಆರಾಮಾಗಿ ಮಲಗ್ತಿದಾರೆ, ಹುಬ್ಬಳ್ಳಿಯವ್ರಿಗೆ ತುಂಬಾ ಥ್ಯಾಂಕ್ಸ್.

ಇನ್ನು ಪ್ರಶ್ನೆಗಳಿಗೆ. ನಲ್ಲಿ ನೀರು ಸುಡೋಷ್ಟು ಬಿಸಿ ಬರುತ್ತೆ, ಯಾವತ್ತೂ ತೊಂದರೆ ಆಗಿಲ್ಲ. ಪ್ರೆಶರ್ ತಣ್ಣಗಿದ್ದಾಗ 0.6 ಬಾರ್. ಹೀಟಿಂಗ್ ಟೆಂಪರೇಚರ್ 55 ಅಂತಿದೆ, ಹಿಂದಿನ ಓನರ್ ಇಟ್ಟಿದ್ದು ಇರ್ಬೇಕು. ಲಿವಿಂಗ್ ರೂಮಿನ ದೊಡ್ಡ ರೇಡಿಯೇಟರ್ ಸುತ್ತ ಬಿಸಿ, ಆದ್ರೆ ಕೆಳಗೆ ಮಧ್ಯದಲ್ಲಿ ಒಂದು ಪಟ್ಟಿ ತಣ್ಣಗೆ. ಹಾಲ್‌ವೇ ಒಂದೇ ಸಮ ಉಗುರುಬೆಚ್ಚಗೆ. ಹಿಂದಿನ ರೂಮಿಂದು ಒಂದು ಕಡೆ ಪೈಪಿನ ಬುಡ ಮಾತ್ರ ಸ್ವಲ್ಪ ಬೆಚ್ಚಗೆ ಅನ್ಸುತ್ತೆ.

ಉಡುಪಿ ಪ್ಲಂಬರ್

ಹಾಗಾದ್ರೆ ಬಾಯ್ಲರ್ ಬದಲಿಸುವ ಮಾತು ಸದ್ಯಕ್ಕೆ ಬದಿಗಿಡಿ.

ಈ 55 ಎಲ್ಲಿಂದ ಬಂತು ಅಂತ ನನಗೆ ಗೊತ್ತುಂಟು. 2022ರ ಚಳಿಗಾಲ ಗ್ಯಾಸ್ ರೇಟ್ ಏರಿದಾಗ ಕಾಂಬಿ ಬಾಯ್ಲರಿನ ಫ್ಲೋ ಟೆಂಪರೇಚರ್ (ಬಾಯ್ಲರಿನಿಂದ ರೇಡಿಯೇಟರಿಗೆ ಹೊರಡುವ ನೀರಿನ ಬಿಸಿ) 60ಕ್ಕೆ ಇಳಿಸಿ ಅಂತ ನೆಸ್ಟಾ ಸಂಸ್ಥೆಯವರು ದೊಡ್ಡ ಪ್ರಚಾರ ಮಾಡಿದ್ರು, ಸರ್ಕಾರವೂ ಅದನ್ನೇ ಹೇಳಿತು. ಸಲಹೆ ಒಳ್ಳೆಯದೇ. ರಿಟರ್ನ್ ನೀರು, ಅಂದ್ರೆ ರೇಡಿಯೇಟರ್ ಸುತ್ತಿ ಬಾಯ್ಲರಿಗೆ ವಾಪಸ್ ಬರುವ ನೀರು, ಸುಮಾರು 55ಕ್ಕಿಂತ ಕೆಳಗೆ ಬಂದ್ರೆ ಮಾತ್ರ ಹೊಗೆಯಲ್ಲಿರುವ ನೀರಾವಿ ತಣಿದು ಅದರ ಬಿಸಿಯೂ ನಮಗೆ ಸಿಗ್ತದೆ, ಕಂಡೆನ್ಸಿಂಗ್ ಬಾಯ್ಲರ್ ಅಂತ ಹೆಸರಿರುವುದೇ ಅದಕ್ಕೆ. ಆದ್ರೆ ಈಗಿನ ರೇಡಿಯೇಟರಿಗೆ ಕಂಪನಿ ಕೊಡುವ ವ್ಯಾಟ್ ಲೆಕ್ಕ ಉಂಟಲ್ಲ, ಅದು ನೀರು 75ರಲ್ಲಿ ಹೋಗಿ 65ರಲ್ಲಿ ಬರುವಾಗ, ರೂಮು 20 ಇರುವಾಗಿನ ಲೆಕ್ಕ. ನಿಮ್ಮದು 55ರಲ್ಲಿ ಹೋಗಿ 45ರಲ್ಲಿ ಬಂದ್ರೆ ಅದೇ ರೇಡಿಯೇಟರ್ ಸುಮಾರು ಅರ್ಧದಷ್ಟೇ ಶಾಖ ಕೊಡ್ತದೆ. ಗೋಡೆಗೆ ಒಳ್ಳೆ ಇನ್ಸುಲೇಶನ್ ಇದ್ದು ರೇಡಿಯೇಟರ್ ದೊಡ್ಡದಿದ್ದ ಮನೆಗೆ ಅಷ್ಟು ಸಾಕು, 80ರ ದಶಕದ ಮನೆಯಲ್ಲಿ ಡಿಸೆಂಬರ್ ಚಳಿಗೆ ಸಾಲದೆ ಹೋಗ್ಬಹುದು. ಈಗ ಪರೀಕ್ಷೆಗೆ 70ಕ್ಕೆ ಏರಿಸಿ, ತೊಂದರೆ ಬಗೆಹರಿದ ಮೇಲೆ ಒಂದೊಂದೇ ಮೆಟ್ಟಿಲು ಇಳಿಸುವ.

ಪ್ರೆಶರ್ 0.6 ಕಮ್ಮಿ ಆಯ್ತು, ತಣ್ಣಗಿರುವಾಗ 1ರಿಂದ 1.5 ಇರ್ಬೇಕು. ಹೀಟಿಂಗ್ ಆಫ್ ಮಾಡಿ ಆರಲಿಕ್ಕೆ ಬಿಟ್ಟು ಬಾಯ್ಲರಿನ ಕೆಳಗೆ ಫಿಲ್ಲಿಂಗ್ ಲೂಪ್ (ಸಿಸ್ಟಮ್ಮಿಗೆ ನೀರು ತುಂಬಿಸುವ ಪೈಪ್) ಹುಡುಕಿ, ಹೆಣೆದ ಬೆಳ್ಳಿ ಬಣ್ಣದ ಸಣ್ಣ ಪೈಪ್ ಇರ್ತದೆ, ಕೆಲವು ಮಾಡೆಲಿನಲ್ಲಿ ಬರೀ ಒಂದು ಲಿವರ್, ನಿಮ್ಮ ಮಾಡೆಲಿನ ಮ್ಯಾನುಯಲ್ ನೋಡ್ಕೊಳ್ಳಿ. ಅದರ ವಾಲ್ವ್ ನಿಧಾನಕ್ಕೆ ತೆರೆದು, ಗೇಜ್ 1.3ಕ್ಕೆ ಬಂದ ಕೂಡ್ಲೇ ಎರಡೂ ಕಡೆ ಪೂರ್ತಿ ಬಂದ್ ಮಾಡಿ, ಸ್ವಲ್ಪ ತೆರೆದಿದ್ರೂ ಪ್ರೆಶರ್ ಏರಿ ಏರಿ 3 ಬಾರ್ ಮುಟ್ಟಿದಾಗ ಸೇಫ್ಟಿ ವಾಲ್ವ್ ತೆರೆದು ಹೊರಗೆ ನೀರು ಸುರಿತದೆ. ಆಮೇಲೆ ಕೆಳಗಿನ ಮಹಡಿಯಿಂದ ಶುರು ಮಾಡಿ ಒಂದೊಂದೇ ರೇಡಿಯೇಟರ್ ಬ್ಲೀಡ್ ಮಾಡಿ. ಕೀಯನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದ್ರೆ ಸಾಕು, ಪೂರ್ತಿ ಬಿಚ್ಬೇಡಿ, ಕೆಳಗೆ ಬಟ್ಟೆ ಹಿಡೀರಿ, ಸುಂಯ್ ಅಂತ ಗಾಳಿ ಹೋಗಿ ನೀರು ಬಂದ ಕೂಡ್ಲೇ ಮುಚ್ಚಿ. ಬಂದ ನೀರಿನ ಬಣ್ಣ ಎಂತದು ಅಂತ ನನಗೆ ಹೇಳಿ. ಕೊನೆಗೆ ಪ್ರೆಶರ್ ಮತ್ತೆ ಇಳಿದಿರ್ತದೆ, ಮತ್ತೊಮ್ಮೆ ತುಂಬ್ಸಿ.

ಶಿರಸಿ ಶ್ರೀಮತಿ (ಗ್ಲಾಸ್ಗೋ)

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ, ನಮ್ಮನೇದು ಇದರ ಉಲ್ಟಾ. ರೇಡಿಯೇಟರ್ ಎಲ್ಲಾ ಬಿಸಿ, ಆದ್ರೆ ಚಳಿಗಾಲ ಬಂತಂದ್ರೆ ನಲ್ಲಿಯಲ್ಲಿ ಸ್ನಾನದ ನೀರು ಹದ ಬಿಸಿ ಬರಲ್ಲ. ಬೇಸಿಗೆಯಲ್ಲಿ ಚೆನ್ನಾಗಿರುತ್ತೆ. 24 ಕಿಲೋವ್ಯಾಟ್ ಕಾಂಬಿ.

ಉಡುಪಿ ಪ್ಲಂಬರ್

ನಿಮ್ಮದು ಬಹುಶಃ ಬಾಯ್ಲರಿನ ದೋಷವೇ ಅಲ್ಲ. 24 ಕಿಲೋವ್ಯಾಟ್ ಒಂದು ನಿಮಿಷಕ್ಕೆ ಸುಮಾರು 10 ಲೀಟರ್ ನೀರನ್ನು 35 ಡಿಗ್ರಿ ಏರಿಸ್ತದೆ, ಅಷ್ಟೇ ಅದರ ಶಕ್ತಿ. ಬೇಸಿಗೆಯಲ್ಲಿ ಬೀದಿ ಪೈಪಿನ ನೀರು 15 ಇದ್ರೆ ನಿಮಗೆ 50 ಸಿಗ್ತದೆ, ಚಳಿಯಲ್ಲಿ 5 ಇದ್ರೆ ಅದೇ ರಭಸಕ್ಕೆ 40 ಮಾತ್ರ. ನಲ್ಲಿ ಸ್ವಲ್ಪ ಸಣ್ಣ ಮಾಡಿ, ನಿಮಿಷಕ್ಕೆ ಏಳೆಂಟು ಲೀಟರ್ ಬರುವ ಹಾಗೆ ಬಿಡಿ, 50 ಸಿಗ್ತದೆ. ಬಕೆಟ್ ಸ್ನಾನ ಆದ್ರೆ 15 ಲೀಟರ್ ಬಕೆಟ್ ಎರಡು ನಿಮಿಷದಲ್ಲಿ ತುಂಬ್ತದೆ, ಶವರಿಗೆ ಕಾದಷ್ಟೂ ಕಾಯ್ಬೇಕಿಲ್ಲ. ನಲ್ಲಿ ಸಣ್ಣ ಮಾಡಿದ್ರೂ ಬಿಸಿ ಬರದಿದ್ರೆ, ಅಥವಾ ಬಿಸಿ ತಣ್ಣಗೆ ಬಿಸಿ ತಣ್ಣಗೆ ಅಂತ ಬದಲಾಗ್ತಾ ಇದ್ರೆ, ಆಗ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ (ನಲ್ಲಿ ನೀರಿಗೆ ಬಿಸಿ ದಾಟಿಸುವ ಭಾಗ) ಕಟ್ಟಿರ್ಬಹುದು, ಎಂಜಿನಿಯರ್ ನೋಡ್ಬೇಕು. ಗ್ಲಾಸ್ಗೋ ನೀರು ಮೆದು, ಸುಣ್ಣ ಕಟ್ಟುವುದು ಅಪರೂಪ. ರೆಡಿಂಗ್, ಲಂಡನ್ ಕಡೆ ಅದೇ ದೊಡ್ಡ ತಲೆನೋವು.

ಶಿರಸಿ ಶ್ರೀಮತಿ

ಸಣ್ಣ ಮಾಡಿ ನೋಡ್ದೆ. ಬಂತು! ಧನ್ಯವಾದ.

ಸಾಗರದವ

ಹೇಳಿದ್ದೆಲ್ಲ ಮಾಡ್ದೆ. ಪ್ರೆಶರ್ 1.3, ಫ್ಲೋ 70. ಮುಂದಿನ ಬೆಡ್‌ರೂಮಿಂದ ತುಂಬಾ ಹೊತ್ತು ಗಾಳಿ ಬಂತು, ಈಗ ಆ ರೇಡಿಯೇಟರ್ ಮೇಲಿಂದ ಕೆಳಗೆ ಪೂರ್ತಿ ಬಿಸಿ. ಆದ್ರೆ ಹಾಲ್‌ವೇ ಇನ್ನೂ ಉಗುರುಬೆಚ್ಚಗೇ ಇದೆ, ಹಿಂದಿನ ಬೆಡ್‌ರೂಮ್ ಇನ್ನೂ ತಣ್ಣಗೇ ಇದೆ. ನೀರಿನ ಬಣ್ಣ ಕೇಳಿದ್ರಲ್ಲ, ಕಪ್ಪು ಮಸಿ ಥರ, ಬಟ್ಟೆ ಎಲ್ಲ ಕರ್ರಗಾಯ್ತು. ಇನ್ನೊಂದು ವಿಷ್ಯ, ಬಾಯ್ಲರ್ ಎರಡು ನಿಮಿಷ ಉರಿದು ಆಫ್ ಆಗುತ್ತೆ, ಮತ್ತೆ ಸ್ವಲ್ಪ ಹೊತ್ತಿಗೆ ಹತ್ತುತ್ತೆ, ಹೀಗೇ ನಡೀತಿರುತ್ತೆ.

ಮಂಡ್ಯ ಇನ್ ಲೀಡ್ಸ್

ಅಣ್ಣ, ನಮ್ ಮನೇಲೂ ಥೇಟ್ ಇಂಗೇ ಆಗಿತ್ತು. ನಮ್ ಕಡೆ ನಾಲೆ ನೀರು ನೋಡಿದೀರಲ್ಲ, ತೂಬಿನ ಪಕ್ಕದ ಗದ್ದೆಯವ್ರು ಬೇಕಾದಷ್ಟು ಬಿಟ್ಕತಾರೆ, ಕೊನೇ ಭಾಗದ ರೈತ ಬದುವಿನ ಮೇಲೆ ನಿಂತ್ಕಂಡು ಕಾಯ್ತಾನೆ, ಕಟ್ಟೆಲಿ ನೀರಿಲ್ಲ ಅಂತಲ್ಲ, ಅವ್ನ ಗಂಟ ಬರಕಿಲ್ಲ. ರೇಡಿಯೇಟರ್ ಪೈಪೂ ಅಂಗೇ. ಬಾಯ್ಲರ್ ಹತ್ರ ಇರೋವು ಬಿಸಿನೀರೆಲ್ಲ ಎಳ್ಕಂಡು ಬೇಗ ವಾಪಸ್ ಕಳಿಸ್ಬುಡ್ತವೆ, ಆ ನೀರು ಇನ್ನೂ ಬಿಸಿಯಾಗೇ ಬಾಯ್ಲರಿಗೆ ವಾಪಸ್ ಬತ್ತದೆ, ಬಾಯ್ಲರು ‘ಕೆಲಸ ಮುಗೀತು’ ಅಂತ ಆಫ್ ಆಯ್ತದೆ. ಎರಡು ನಿಮಿಷಕ್ಕೆ ಆಫ್ ಆಗದು ಅದ್ಕೇಯ.

ಒಂದು ಪರೀಕ್ಷೆ ಮಾಡಿ. ಬೇರೆ ಎಲ್ಲಾ ರೇಡಿಯೇಟರ್ ವಾಲ್ವು ಮುಚ್ಬುಟ್ಟು ತಣ್ಣಗಿರದು ಒಂದನ್ನ ಮಾತ್ರ ತೆರೆದಿಡಿ. ಅದು ಬಿಸಿಯಾದ್ರೆ ಪೈಪ್ ಸರಿ ಐತೆ, ನೀರಿನ ಹಂಚಿಕೆ ಸರಿಯಿಲ್ಲ ಅಂತ. ಒಂದೇ ತೆರೆದಿದ್ರೂ ಬಿಸಿಯಾಗ್ನಿಲ್ಲ ಅಂದ್ರೆ ಅದ್ರ ದಾರೀಲೇ ಏನೋ ಕಟ್ಕಂಡದೆ. ಹಾಲ್‌ವೇಗೆ ಒಂದ್ಸಲ, ಹಿಂದಿನ ರೂಮಿಗೆ ಒಂದ್ಸಲ ಬೇರೆ ಬೇರೆ ಮಾಡಿ. ಹಾಲ್‌ವೇ ರೇಡಿಯೇಟರ್ ವಾಲ್ವಿಗೆ ನಂಬರ್ ಬರೆದಿರೋ ತಲೆ ಇಲ್ಲ ಅಂದ್ರೆ ಅದು ಬೈಪಾಸ್ ತರ, ನೀರಿಗೆ ಯಾವಾಗ್ಲೂ ತೆರೆದಿರೋ ದಾರಿ, ಹಿಂದಿನ ರೂಮ್ ಪರೀಕ್ಷೆ ಮಾಡೋವಾಗ ಅದನ್ನ ಕಾಲುಭಾಗ ತೆರೆದೇ ಬುಡಿ, ಪಂಪಿಗೆ ಹೊಡೆತ ಬೀಳ್ಬಾರ್ದು.

ಮತ್ತೆ ಬಾಯ್ಲರ್ ಕೆಳಗೆ ಫ್ಲೋ ಪೈಪು, ರಿಟರ್ನ್ ಪೈಪು ಎರಡರ ಬಿಸಿ ಅಳೆದು ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಆದ್ರೆ ಹೊಳೆಯೋ ತಾಮ್ರದ ಮೇಲೆ ಬಿಟ್ರೆ ತಪ್ಪು ತೋರಿಸ್ತದೆ, ಕಪ್ಪು ಎಲೆಕ್ಟ್ರಿಕ್ ಟೇಪು ಒಂದು ಸುತ್ತು ಸುತ್ತಿ ಟೇಪಿನ ಮೇಲೆ ಅಳೀರಿ.

ತುಮಕೂರು ಟು ಸ್ಲೌ

ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನನ್ನ ಅನಿಸಿಕೆ. ಹನ್ನೆರಡು ವರ್ಷದ ಬಾಯ್ಲರ್, ಇವತ್ತಲ್ಲ ನಾಳೆ ಹೋಗೋದೇ. ಈಗಲೇ ಹೊಸದು ಹಾಕ್ಸಿದ್ರೆ ವಾರಂಟಿನೂ ಸಿಗುತ್ತೆ, ಗ್ಯಾಸೂ ಉಳಿಯುತ್ತೆ. ಇಲ್ಲಾಂದ್ರೆ ಹೀಟ್ ಪಂಪಿಗೆ (ಹೊರಗಿನ ಶಾಖ ಎಳೆದು ನೀರು ಕಾಯಿಸೋ ಕರೆಂಟ್ ಯಂತ್ರ) ಸರ್ಕಾರ 7,500 ಪೌಂಡ್ ಗ್ರ್ಯಾಂಟ್ ಕೊಡ್ತಿದೆ, ಅದನ್ನಾದ್ರೂ ಯೋಚನೆ ಮಾಡಿ.

ಮಂಡ್ಯ ಇನ್ ಲೀಡ್ಸ್

ಅಣ್ಣ ನೀವು ಒಳ್ಳೇದಕ್ಕೇ ಹೇಳ್ತಿದೀರಿ, ಆದ್ರೆ ಆ ಮಸಿ ನೀರು ಹಂಗೇ ಇಟ್ಕಂಡು ಹೊಸ ಬಾಯ್ಲರ್ ಹಾಕಿದ್ರೆ ಅದೇ ಮಸಿ ಹೊಸ ಹೀಟ್ ಎಕ್ಸ್‌ಚೇಂಜರಿಗೆ ಹೋಗಿ ಕೂರ್ತದೆ. ಹಿಂದಿನ ರೂಮು ಆಗಲೂ ತಣ್ಣಗೇ ಇರ್ತದೆ, ಯಾಕಂದ್ರೆ ಪೈಪ್ ಅದೇ, ರೇಡಿಯೇಟರ್ ಅದೇ. ಹೀಟ್ ಪಂಪಿಗೂ ಇದೇ ಮಾತು, ಅದು ಇನ್ನೂ ಕಮ್ಮಿ ಬಿಸಿಲಿ ನೀರು ಓಡ್ಸೋದು, ದಾರಿ ಇನ್ನೂ ಕ್ಲೀನ್ ಇರ್ಬೇಕು.

ಉಡುಪಿ ಪ್ಲಂಬರ್

ಮಂಡ್ಯದವರು ಹೇಳಿದ್ದು ಸರಿ ಉಂಟು. ಬಾಯ್ಲರ್ ಬದಲಿಸುವಾಗ ಸಿಸ್ಟಂ ತೊಳೆದು, ಇನ್‌ಹಿಬಿಟರ್ (ತುಕ್ಕು ತಡೆಯುವ ಕೆಮಿಕಲ್) ಹಾಕಿ, ಫಿಲ್ಟರ್ ಕೂರಿಸ್ಬೇಕು ಅಂತ ಬಿಎಸ್ 7593 ಅನ್ನುವ ಬ್ರಿಟಿಷ್ ಸ್ಟ್ಯಾಂಡರ್ಡ್ ಹೇಳ್ತದೆ. ಅದನ್ನು ಮಾಡದಿದ್ರೆ ಕಂಪನಿಗಳು ವಾರಂಟಿ ಒಪ್ಪದೆ ಇರ್ಬಹುದು. ಅಂದ್ರೆ ತೊಳೆಯುವ ಕೆಲಸ ಹೇಗೂ ತಪ್ಪುವುದಿಲ್ಲ, ಅದನ್ನೇ ಮೊದಲು ಮಾಡಿ ನೋಡುವುದು ಒಳ್ಳೆಯದು. ಹಳೆ ಬಾಯ್ಲರಿಗೆ ಹೊಸದು ಹಾಕ್ಲೇ ಬಾರದು ಅಂತ ನಾನು ಹೇಳುವುದಿಲ್ಲ. ಹೀಟ್ ಎಕ್ಸ್‌ಚೇಂಜರ್ ಸೋರ್ತಾ ಇದ್ರೆ, ಪಾರ್ಟ್ ಸಿಗದಿದ್ರೆ, ಖಂಡಿತ ಬದಲಿಸಿ. ಇಲ್ಲಿ ಅದು ಯಾವುದೂ ಕಾಣುವುದಿಲ್ಲ.

ಆ ಮಸಿ ಏನು ಅಂದ್ರೆ ಮ್ಯಾಗ್ನೆಟೈಟ್, ರೇಡಿಯೇಟರಿನ ಉಕ್ಕು ಒಳಗಿಂದ ತುಕ್ಕು ಹಿಡಿದು ಆಗುವ ಕಪ್ಪು ಪುಡಿ. ಭಾರ ಇರ್ತದೆ, ಕೆಳಗೆ ಮಧ್ಯದಲ್ಲಿ ಕೂತ್ಕೊಳ್ತದೆ, ನಿಮ್ಮ ಲಿವಿಂಗ್ ರೂಮಿನ ತಣ್ಣನೆ ಪಟ್ಟಿ ಅದೇ. ಬರೀ ನೀರು ಅಷ್ಟು ಬೇಗ ತುಕ್ಕು ಮಾಡುವುದಿಲ್ಲ, ಗಾಳಿ ಬೇಕು. ಪದೇ ಪದೇ ಪ್ರೆಶರ್ ಇಳಿದು ಪದೇ ಪದೇ ಹೊಸ ನೀರು ತುಂಬಿಸ್ತಾ ಇದ್ರೆ ಪ್ರತಿ ಸಲ ಹೊಸ ಆಕ್ಸಿಜನ್ ಒಳಗೆ ಹೋಗ್ತದೆ. ಹಾಗಾಗಿ ಪ್ರೆಶರ್ ಯಾಕೆ 0.6ಕ್ಕೆ ಇಳಿದಿತ್ತು ಅಂತಲೂ ನೋಡ್ಬೇಕು, ಅದನ್ನು ಬಿಟ್ಟು ಬರೀ ತೊಳೆದ್ರೆ ಕೆಲವು ವರ್ಷಕ್ಕೆ ಮತ್ತೆ ಇದೇ ಕತೆ.

ದಾವಣಗೆರೆ ಡೇಸ್ (ಮ್ಯಾಂಚೆಸ್ಟರ್)

ನಾವು ಬಾಡಿಗೆ ಮನೇಲಿದೀವಿ. ಹೀಟಿಂಗ್ ಸರಿಯಿಲ್ಲ ಅಂತ ಲೆಟಿಂಗ್ ಏಜೆಂಟ್‌ಗೆ ಹೇಳಿದ್ರೆ ನೀವೇ ಬ್ಲೀಡ್ ಮಾಡ್ಕೊಳ್ಳಿ ಅಂತಾರೆ, ಮಾಡಿದ್ರೂ ಸರಿಹೋಗ್ಲಿಲ್ಲ. ಪುಟ್ಟ ಮಗು ಇದೆ. ಏನ್ ಮಾಡೋದು?

ಹುಬ್ಬಳ್ಳಿ ಹುಡುಗಿ

ಫೋನಿನ್ಯಾಗ ಹೇಳಿದ್ದು ಲೆಕ್ಕಕ್ಕ ಬರೂದಿಲ್ರಿ, ಇಮೇಲ್ ಮಾಡ್ರಿ. ಯಾವ ರೂಮು, ಎಷ್ಟು ಡಿಗ್ರಿ, ಯಾವತ್ತಿಂದ, ಮಗು ಐತಿ ಅನ್ನೂದು, ಎಲ್ಲಾ ಬರದು ಥರ್ಮಾಮೀಟರ್ ಫೋಟೋ ಹಚ್ರಿ. ಇಂಗ್ಲೆಂಡ್ ಒಳಗ ಬಾಡಿಗಿ ಮನಿ ಹೀಟಿಂಗು, ಬಿಸಿನೀರಿನ ವ್ಯವಸ್ಥಾ ರಿಪೇರಿ ಮಾಡ್ಸೂದು ಮಾಲಕರ ಜವಾಬ್ದಾರಿ, 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆದ 11ನೇ ಸೆಕ್ಷನ್ ಅದನ್ನ ಹೇಳ್ತದ. ಆ ಸೆಕ್ಷನ್ ನಂಬರ್ ಇಮೇಲ್ ಒಳಗ ಹಾಕ್ರಿ. ವರ್ಷಕ್ಕೊಮ್ಮೆ ಗ್ಯಾಸ್ ಸೇಫ್ಟಿ ಚೆಕ್ ಮಾಡ್ಸಿ ಅದರ ಕಾಪಿ ನಿಮಗ ಕೊಡ್ಬೇಕು, ಕೊಟ್ಟಿಲ್ಲಂದ್ರ ಅದನ್ನೂ ಕೇಳ್ರಿ. 2022ರ ಅಕ್ಟೋಬರ್‌ನಿಂದ ಗ್ಯಾಸ್ ಬಾಯ್ಲರ್ ಇರೂ ರೂಮಿಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕ್ಸೂದೂ ಮಾಲಕರ ಕೆಲಸ. ಅಷ್ಟಾದ್ರೂ ಕಿವಿಗೆ ಹಾಕ್ಕೊಳ್ಳಿಲ್ಲಂದ್ರ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕ ಬರೀರಿ, ಮನಿಯೊಳಗಿನ ಅತಿ ಚಳಿ ಅನ್ನೂದು ಅವರ ಅಪಾಯದ ಪಟ್ಟಿಯೊಳಗ ಐತಿ. ಬಾಡಿಗಿ ಕೊಡೂದು ಮಾತ್ರ ನಿಲ್ಲಿಸಬ್ಯಾಡ್ರಿ, ಅದು ನಿಮಗ ತಿರುಗಿ ಬಡೀತದ.

ಸಾಗರದವ

ಪರೀಕ್ಷೆ ಮಾಡಿದೆ. ಎರಡೂ ಒಂದೇ ರೋಗ ಅಲ್ಲ. ಬೇರೆ ಎಲ್ಲ ಮುಚ್ಚಿದಾಗ ಹಾಲ್‌ವೇ ರೇಡಿಯೇಟರ್ ಕೈ ಇಡೋಕಾಗದಷ್ಟು ಬಿಸಿ ಆಯ್ತು. ಹಿಂದಿನ ರೂಮಿಂದು ಅದೊಂದನ್ನೇ ತೆರೆದಿಟ್ಟರೂ ತಣ್ಣಗೇ, ಪೈಪಿನ ಬುಡ ಮಾತ್ರ ಬೆಚ್ಚಗೆ. ಎಲ್ಲಾ ತೆರೆದು ಮಾಮೂಲಿ ಓಡಿಸಿದಾಗ ಬಾಯ್ಲರ್ ಕೆಳಗೆ ಫ್ಲೋ 70, ರಿಟರ್ನ್ 65. ಹಿಂದಿನ ರೂಮಿಗೆ ಹೋಗೋ ಪೈಪ್ ತುಂಬಾ ಸಣ್ಣ, ಅಳೆದ್ರೆ 10 ಮಿಲಿಮೀಟರ್. ಬೇರೆ ರೇಡಿಯೇಟರ್‌ಗಳಿಗೂ ಹೆಚ್ಚಿನವಕ್ಕೆ ಇಷ್ಟೇ.

ಉಡುಪಿ ಪ್ಲಂಬರ್

ಮೈಕ್ರೋಬೋರ್! 70, 80ರ ದಶಕದಲ್ಲಿ ಇದನ್ನು ಬಹಳ ಹಾಕ್ತಿದ್ರು, 8 ಅಥವಾ 10 ಮಿಲಿಮೀಟರ್ ತಾಮ್ರ. ನೀರು ಶುದ್ಧ ಇದ್ರೆ ಚೆನ್ನಾಗಿಯೇ ಕೆಲಸ ಮಾಡ್ತದೆ, ಮಸಿ ಸೇರಿದ್ರೆ ಮೊದಲು ಕಟ್ಟುವುದು ಅದೇ.

5 ಡಿಗ್ರಿ ವ್ಯತ್ಯಾಸ ಬಹಳ ಕಮ್ಮಿ. ಕಂಡೆನ್ಸಿಂಗ್ ಬಾಯ್ಲರಿಗೆ 15ರಿಂದ 20 ಇದ್ರೆ ಚೆಂದ. ಬಾಯ್ಲರ್ ಮಾಡಿದ ಬಿಸಿ ರೂಮಿಗೆ ಇಳಿಯದೆ ತಿರುಗಿ ಬರ್ತಾ ಉಂಟು, ಅಷ್ಟೇ. ಬಾಯ್ಲರಿಗೆ ಶಕ್ತಿ ಸಾಲದೆ ಇದ್ದಿದ್ರೆ ಅದು ನಿಲ್ಲದೆ ಉರೀತಾ ಇರ್ತಿತ್ತು, 70 ಮುಟ್ತಾನೇ ಇರ್ಲಿಲ್ಲ. ಬಾಯ್ಲರ್ ಸೋತಿದಾ ಇಲ್ವಾ ಅನ್ನುವ ನಿಮ್ಮ ಮೊದಲ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟ ಉತ್ತರ ಇಲ್ಲ.

ಹಿಂದಿನ ರೂಮಿಗೆ ಇನ್ನೊಂದೇ ಒಂದು ನೀವು ನೋಡ್ಬಹುದು. ನಂಬರ್ ಇರುವ ಥರ್ಮೋಸ್ಟಾಟಿಕ್ ವಾಲ್ವಿನ ತಲೆ ಉಂಟಲ್ಲ, 5ಕ್ಕೆ ತಿರುಗಿಸಿ ತಲೆಯನ್ನು ಮಾತ್ರ ಬಿಚ್ಚಿ, ಒಳಗೆ ಒಂದು ಸಣ್ಣ ಪಿನ್ ಕಾಣ್ತದೆ. ಸ್ಪ್ಯಾನರಿನ ಬೆನ್ನಲ್ಲಿ ಮೆಲ್ಲ ಒತ್ತಿದ್ರೆ ಒಂದೆರಡು ಮಿಲಿಮೀಟರ್ ಒಳಗೆ ಹೋಗಿ ಪುಟಿದು ಹೊರಗೆ ಬರ್ಬೇಕು. ಬೇಸಿಗೆ ಇಡೀ ಮುಚ್ಚಿಟ್ಟ ವಾಲ್ವಿನಲ್ಲಿ ಇದು ಒಳಗೇ ಅಂಟಿಕೊಳ್ಳುವುದು ಬಹಳ ಸಾಮಾನ್ಯ. ಪ್ಲೈಯರ್ ಹಾಕಿ ಎಳೀಬೇಡಿ, ಪಿನ್ ಕಿತ್ತು ಬಂದ್ರೆ ಬಿಸಿನೀರು ಚಿಮ್ಮುತ್ತದೆ. ಮೆಲ್ಲ ಒತ್ತಿ ಬಿಡಿ, ಒತ್ತಿ ಬಿಡಿ.

ಸಾಗರದವ

ಪಿನ್ ಸರಿಯಾಗೇ ಪುಟಿಯುತ್ತೆ. ಬಿಸಿ ಮಾತ್ರ ಇಲ್ಲ.

ಉಡುಪಿ ಪ್ಲಂಬರ್

ಹಾಗಾದ್ರೆ ಪೈಪಿನಲ್ಲೋ ವಾಲ್ವಿನ ಬಾಯಲ್ಲೋ ಕಟ್ಟಿದೆ. ಈಗ ಎಂಜಿನಿಯರ್ ಕರೀರಿ, ಆದ್ರೆ ಮೊದಲಿನ ಕಂಪನಿಗೆ ಹೇಳಿದ ಹಾಗೆ ‘ಬಾಯ್ಲರ್ ಸರಿ ಇಲ್ಲ’ ಅಂತ ಹೇಳ್ಬೇಡಿ. ‘ಮೈಕ್ರೋಬೋರ್ ಸಿಸ್ಟಂ, ನೀರು ಕಪ್ಪು, ಒಂದು ರೇಡಿಯೇಟರ್ ಬ್ಲಾಕ್, ಫ್ಲೋ ರಿಟರ್ನ್ 70, 65’ ಅಂತ ಹೇಳಿ. ಅರ್ಥ ಆಗುವವರಿಗೆ ಅಷ್ಟು ಸಾಕು. ಗ್ಯಾಸ್ ಸೇಫ್ ರಿಜಿಸ್ಟರ್ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದ್ರೆ ಹತ್ತಿರದವರು ಸಿಗ್ತಾರೆ, ಬಂದವರ ಕಾರ್ಡ್ ಕೇಳಿ, ಯಾವ ಕೆಲಸಕ್ಕೆ ಅರ್ಹತೆ ಉಂಟು ಅಂತ ಹಿಂಬದಿ ಬರೆದಿರ್ತದೆ. ಕೆಲವರು ಇನ್ನೂ ‘ಕೋರ್ಗಿ ರಿಜಿಸ್ಟರ್ಡ್’ ಅಂತ ಜಾಹೀರಾತು ಹಾಕ್ತಾರೆ, ಅದು ಹಳೆ ನೋಂದಣಿ, 2009ರ ಏಪ್ರಿಲ್‌ನಲ್ಲೇ ಆ ಜಾಗಕ್ಕೆ ಗ್ಯಾಸ್ ಸೇಫ್ ಬಂದಾಗಿದೆ, ಅಂಥವರನ್ನು ಬಿಡಿ.

ಮೈಕ್ರೋಬೋರಿಗೆ ಬರೀ ‘ಪವರ್‌ಫ್ಲಶ್ ಮಾಡ್ತೇವೆ’, ಅಂದ್ರೆ ಯಂತ್ರದಿಂದ ರಭಸವಾಗಿ ನೀರು ಹಾಯಿಸಿ ತೊಳೀತೇವೆ, ಅಂದ್ರೆ ಸಾಲದು, ನೀರು ಸುಲಭದ ದಾರಿ ಹಿಡಿದು ಹೋಗ್ತದೆ, ಕಟ್ಟಿದ ಪೈಪು ಹಾಗೇ ಇರ್ತದೆ. ಒಂದೊಂದೇ ರೇಡಿಯೇಟರ್ ಪ್ರತ್ಯೇಕ ಮಾಡಿ ತೊಳೀತಾರಾ, ತೊಳೆದ ಮೇಲೆ ರಿಟರ್ನ್ ಪೈಪಿಗೆ ಮ್ಯಾಗ್ನೆಟಿಕ್ ಫಿಲ್ಟರ್ ಹಾಕ್ತಾರಾ, ಸೆಂಟಿನೆಲ್ ಎಕ್ಸ್100 ಅಥವಾ ಫರ್ನಾಕ್ಸ್ ಎಫ್1 ಅಂಥ ಇನ್‌ಹಿಬಿಟರ್ ಹಾಕ್ತಾರಾ, ಕೊನೆಗೆ ಬ್ಯಾಲೆನ್ಸ್ ಮಾಡಿ, ಅಂದ್ರೆ ಎಲ್ಲ ರೇಡಿಯೇಟರಿಗೂ ನೀರು ಸರಿಯಾಗಿ ಹಂಚುವ ಹಾಗೆ ಮಾಡಿ ಕೊಡ್ತಾರಾ, ಇಷ್ಟನ್ನು ಬರೆಸ್ಕೊಂಡು ಆಮೇಲೆ ಒಪ್ಪಿ.

ಮಂಡ್ಯ ಇನ್ ಲೀಡ್ಸ್

ಎಂಜಿನಿಯರ್ ಬರೋ ಗಂಟ ಹಾಲ್‌ವೇದನ್ನ ನೀವೇ ಸರಿ ಮಾಡ್ಕಬೋದು. ರೇಡಿಯೇಟರಿನ ಇನ್ನೊಂದು ತುದೀಲಿ ಪ್ಲಾಸ್ಟಿಕ್ ಟೊಪ್ಪಿ ಇರೋ ವಾಲ್ವ್ ಅದೆಯಲ್ಲ, ಲಾಕ್‌ಶೀಲ್ಡ್ ಅಂತಾರೆ, ಟೊಪ್ಪಿ ತೆಗೆದ್ರೆ ಸ್ಪ್ಯಾನರಲ್ಲಿ ತಿರುಗ್ತದೆ. ಈಗ ಎಷ್ಟು ಸುತ್ತು ತೆರೆದದೆ ಅಂತ ಮೊದ್ಲು ಎಣಿಸಿ ಬರ್ಕಳಿ. ಆಮೇಲೆ ಬೇಗ ಬಿಸಿಯಾಗೋ ಲಿವಿಂಗ್ ರೂಮಿಂದು ಪೂರ್ತಿ ಮುಚ್ಚಿ ಕಾಲು ಸುತ್ತು ಅರ್ಧ ಸುತ್ತು ಮಾತ್ರ ತೆರೀರಿ, ಹಾಲ್‌ವೇದು ಪೂರ್ತಿ ತೆರೀರಿ. ಅರ್ಧ ಗಂಟೆ ಬುಟ್ಟು ಮುಟ್ಟಿ ನೋಡಿ, ಮತ್ತೆ ಸ್ವಲ್ಪ ತಿರುಗ್ಸಿ. ತಾಳ್ಮೆ ಬೇಕು ಇದಕ್ಕೆ. ರೂಮ್ ಥರ್ಮೋಸ್ಟಾಟ್ ಎಲ್ಲದೆ ನಿಮ್ದು? ಕಿಚನ್ ಪಕ್ಕ ಇದ್ರೆ ಅಡುಗೆ ಬಿಸಿಗೇ ಅದು 20 ಮುಟ್ಟಿ ಬಾಯ್ಲರ್ ನಿಲ್ಲಿಸ್ಬುಡ್ತದೆ, ಮೇಲಿನವ್ರು ಚಳೀಲೇ ಇರ್ತಾರೆ.

ಸಾಗರದವ

ಥರ್ಮೋಸ್ಟಾಟ್ ಲಿವಿಂಗ್ ರೂಮಲ್ಲಿ, ಕಿಚನ್ ಬಾಗಿಲ ಪಕ್ಕದ ಗೋಡೆ ಮೇಲೇ ಇದೆ! ಬೆಳಿಗ್ಗೆ ದೋಸೆ ಹುಯ್ಯೋ ಹೊತ್ತಿಗೆ ಹೀಟಿಂಗ್ ಯಾಕೆ ನಿಂತು ಹೋಗ್ತಿತ್ತು ಅಂತ ಈಗ ಗೊತ್ತಾಯ್ತು. ಅದು ವೈರ್‌ಲೆಸ್ ಮಾಡೆಲ್, ಸ್ಟ್ಯಾಂಡಿಗೆ ಹಾಕಿ ಹಾಲ್‌ವೇಗೆ ತಂದಿಟ್ಟಿದೀನಿ.

ಸಾಗರದವ

ಕೆಲಸ ಮುಗೀತು, ಏನಾಯ್ತು ಅಂತ ಬರೀತಿದೀನಿ. ರಿಜಿಸ್ಟರ್‌ನಲ್ಲಿ ಹುಡುಕಿ ಒಬ್ಬರನ್ನ ಕರೆಸಿದ್ದೆ, ನೀವು ಹೇಳಿಕೊಟ್ಟ ಮಾತು ಹಾಗೇ ಹೇಳಿದೆ, ಬಾಯ್ಲರ್ ಕಡೆ ಹೋಗೋಕೂ ಮುಂಚೆ ಸೀದಾ ಹಿಂದಿನ ರೂಮಿಗೆ ಹೋದ್ರು. ರೇಡಿಯೇಟರ್ ಕಳಚಿ ಹಿತ್ತಲಿಗೆ ತಗೊಂಡು ಹೋಗಿ ಹೋಸ್ ಪೈಪಲ್ಲಿ ತೊಳೆದ್ರು, ಎಷ್ಟು ಹೊತ್ತಾದ್ರೂ ಕರಿ ನೀರು ಬರ್ತಾನೇ ಇತ್ತು. ವಾಲ್ವಿಗೆ ಸೇರೋ ತಿರುವಿನಲ್ಲಿ 10 ಮಿಲಿಮೀಟರ್ ಪೈಪು ಗಟ್ಟಿಯಾಗಿ ಮುಚ್ಚಿ ಹೋಗಿತ್ತು, ಅಷ್ಟು ತುಂಡು ಕತ್ತರಿಸಿ ಹೊಸದು ಹಾಕಿದ್ರು, ಆ ತುಂಡು ನನಗೂ ತೋರಿಸಿದ್ರು, ಒಳಗೆ ಬೆಳಕು ಕೂಡ ಕಾಣಲ್ಲ. ಉಳಿದವನ್ನ ಒಂದೊಂದಾಗಿ ಕೆಮಿಕಲ್ ಹಾಕಿ ಮ್ಯಾಗ್ನೆಟ್ ಇಟ್ಟು ತೊಳೆದ್ರು. ಪ್ರೆಶರ್ ಇಳಿಯೋಕೆ ಕಾರಣನೂ ಸಿಕ್ತು, ಮುಂದಿನ ಬೆಡ್‌ರೂಮಿನ ವಾಲ್ವ್ ನಟ್ ಹತ್ರ ಸಣ್ಣಗೆ ಜಿನುಗ್ತಿತ್ತು, ಕಾರ್ಪೆಟ್ ಕೆಳಗೆ ಹಸಿರು ಕಲೆ. ಬಾಯ್ಲರ್ ಸರ್ವಿಸ್ ಮಾಡಿ ಹೊಗೆ ಅಳೆದು ಬಾಯ್ಲರ್ ಆರೋಗ್ಯವಾಗಿದೆ ಅಂದ್ರು. ಫಿಲ್ಟರ್, ಇನ್‌ಹಿಬಿಟರ್, ಬ್ಯಾಲೆನ್ಸಿಂಗ್ ಎಲ್ಲ ಸೇರಿ ಆ ಮೊದಲಿನ ಕೊಟೇಶನ್ನಿನ ಕಾಲುಭಾಗಕ್ಕಿಂತ ಕಮ್ಮಿಗೆ ಆಯ್ತು.

ಈಗ ಹಿಂದಿನ ರೂಮು ಬೆಳಿಗ್ಗೆ 19 ಇರುತ್ತೆ, ಆಯಿಲ್ ಹೀಟರ್ ಎತ್ತಿಟ್ಟಾಯ್ತು. ಫ್ಲೋ 68, ರಿಟರ್ನ್ 52. ಹಾಲ್‌ವೇ ಮಾತ್ರ ತೀರಾ ಚಳಿ ದಿನ 17 ದಾಟಲ್ಲ, ರೇಡಿಯೇಟರ್ ಪೂರ್ತಿ ಬಿಸಿ ಇದ್ರೂನೂ.

ಉಡುಪಿ ಪ್ಲಂಬರ್

ಬಹಳ ಸಂತೋಷ ಆಯ್ತು ಮಾರಾಯ್ರೆ! ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ಹಾಲ್‌ವೇದು ಒಂದೇ ಪದರದ ರೇಡಿಯೇಟರ್ ಇರ್ಬೇಕು, ಟೈಪ್ 11. ಅದೇ ಅಗಲ ಎತ್ತರದ ಎರಡು ಪದರದ ಟೈಪ್ 22 ಹಾಕಿದ್ರೆ ಹೆಚ್ಚುಕಮ್ಮಿ ಒಂದೂ ಮುಕ್ಕಾಲು ಪಟ್ಟು ಶಾಖ ಸಿಗ್ತದೆ, ಸಾಮಾನ್ಯವಾಗಿ ಪೈಪಿನಲ್ಲಿ ದೊಡ್ಡ ಬದಲಾವಣೆ ಬೇಡ. ಅದು ಬೇಸಿಗೆಗೆ ಮಾಡ್ಸಿ, ಅರ್ಜೆಂಟ್ ಇಲ್ಲ. ಅಲ್ಲಿವರೆಗೆ ಥರ್ಮೋಸ್ಟಾಟನ್ನು ಹಾಲ್‌ವೇಯಲ್ಲಿ 20ಕ್ಕೆ ಇಡ್ಬೇಡಿ, ಅದು ಯಾವತ್ತೂ ಮುಟ್ಟದೆ ಬಾಯ್ಲರ್ ನಿಲ್ಲುವುದೇ ಇಲ್ಲ, 17ಕ್ಕೆ ಇಟ್ಟು ರೂಮುಗಳನ್ನು ವಾಲ್ವ್ ತಲೆಯಲ್ಲಿ ಹದ ಮಾಡ್ಕೊಳ್ಳಿ.

ಸಾಗರದವ

ಸರಿ, ಹಾಗೇ ಮಾಡ್ತೀನಿ. ಫಿಲ್ಟರ್ ಎಷ್ಟು ದಿನಕ್ಕೆ ತೆಗೆದು ತೊಳೀಬೇಕು?

ಉಡುಪಿ ಪ್ಲಂಬರ್

ಮೊದಲ ಸಲ ಒಂದು ತಿಂಗಳಿಗೆ, ಉಳಿದ ಮಸಿ ಎಲ್ಲ ಬಂದು ಅಲ್ಲಿ ಸೇರಿರ್ತದೆ. ಆಮೇಲೆ ವರ್ಷದ ಸರ್ವಿಸ್ ಮಾಡುವಾಗ ಅವರೇ ತೊಳೀತಾರೆ, ಇನ್‌ಹಿಬಿಟರ್ ಸಾಕಷ್ಟು ಉಂಟಾ ಅಂತ ಟೆಸ್ಟ್ ಮಾಡ್ಲಿಕ್ಕೂ ಆಗ್ಲೇ ಹೇಳಿ. ಈಗ ವಾರಕ್ಕೊಮ್ಮೆ ಗೇಜ್ ನೋಡ್ತಾ ಇರಿ. ತೊಳೆದ ಮೇಲೆ ಹಳೆ ಜಾಯಿಂಟಿನಲ್ಲಿ ಮಸಿ ಮುಚ್ಚಿಟ್ಟ ಸಣ್ಣ ತೂತುಗಳು ಕೆಲವೊಮ್ಮೆ ತೆರೆದುಕೊಳ್ತವೆ. ಪ್ರೆಶರ್ ಮತ್ತೆ 1ರ ಕೆಳಗೆ ಬಂದ್ರೆ ಬರೀ ನೀರು ತುಂಬಿಸಿ ಸುಮ್ಮನಾಗ್ಬೇಡಿ, ಅವರನ್ನೇ ಕರೀರಿ.